ಮಹಡಿಯ ಹಲಗೆ ನೆಲಕ್ಕೆ ಹೊಳಪು ಕೊಡುವ ಹಾಗೂ ಸಾರು ಮೇಲಕ್ಕೆ ಬಿಡಿಸಿಕೊಳ್ಳುವ ಬಗ್ಗೆ

ಸಂಖ್ಯೆ: ಹಲಗೆ/ಹೊಳಪು/ಅಂಟು/98-99
ಅರಸೀಕೆರೆ, ದಿನಾಂಕ: 17-2-1999

ಸುತ್ತೋಲೆ

ವಿಷಯ: ಮಾನ್ಯ ಅಧಿಕಾರಿಗಳ ಮಹಡಿ ಕೊಠಡಿಯ ತೇಗದ ಹಲಗೆ ನೆಲಕ್ಕೆ ಮೇಲ್ಲೇಪವನ್ನು ಆಯ್ಕೆ ಮಾಡುವ ಕುರಿತು.

ಉಲ್ಲೇಖ: 1) ಇದೇ ವಿಷಯದ ಹಿಂದಿನ ಸುತ್ತೋಲೆ (ಸದರಿ ಸುತ್ತೋಲೆಯು ನೆಲಕ್ಕೆ ಅಂಟಿಕೊಂಡಿದ್ದು, ಬಾಗಿಲಲ್ಲಿ ನಿಂತು ಬಗ್ಗಿ ಓದಿಕೊಳ್ಳತಕ್ಕದ್ದು).
2) ಹಾರನಹಳ್ಳಿಯ ಶ್ರೀಮತಿ ಚಲುವಮ್ಮನವರ ಕರೆಂಟಿನ ಅರ್ಜಿ (ಈ ವಿಷಯಕ್ಕೆ ಸಂಬಂಧವಿಲ್ಲ, ಆದರೆ ಅವರು ಮೆಟ್ಟಿಲ ಮೇಲಿಂದ ಏಳುತ್ತಿಲ್ಲ).

ಮಹಡಿಗೆ ಹೊಸದಾಗಿ ಹಾಸಿರುವ ಹಲಗೆಗೆ ಎಣ್ಣೆಯೋ, ಮೇಣವೋ, ವಾರ್ನಿಷೋ ಎಂಬುದನ್ನು ತೀರ್ಮಾನಿಸಲು ಸಮಿತಿಯೊಂದನ್ನು ರಚಿಸಲಾಗಿತ್ತು. ತದನಂತರ ಉದ್ಭವಿಸಿರುವ ಪರಿಸ್ಥಿತಿಯ ಹಿನ್ನೆಲೆಯಲ್ಲಿ ಸಮಸ್ತರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಹೊಳಪು ಎಷ್ಟಿರಬೇಕೆಂದು ನಿಯಮಾವಳಿಯಲ್ಲಿ ಇಲ್ಲದ ಕಾರಣ, ಹಳೇಬೀಡು ದೇವಸ್ಥಾನದ ಕಡೆದ ಕಂಬವನ್ನೇ ಮಾದರಿಯೆಂದು ಪರಿಗಣಿಸಿ, ಸಮಿತಿಯು ನೆಲದಿಂದ ಒಂದು ಹಲಗೆಯನ್ನು ಕಿತ್ತುಕೊಂಡು ಜೀಪಿನಲ್ಲಿ ಸ್ಥಳ ತನಿಖೆಗೆ ತೆರಳಿತ್ತು. ಹೆಡ್ ಕ್ಲರ್ಕ್ ಶ್ರೀ ಲಕ್ಷ್ಮೀಶ ಅವರ ಮೀಸೆಯು ಕಂಬದಲ್ಲಿ ಕಂಡಿದ್ದು, ಹಲಗೆಯಲ್ಲಿ ಕಂಡಿರುವುದಿಲ್ಲ. ಸದಸ್ಯೆ ಶ್ರೀಮತಿ ಮಾಲಿನಿಯವರಿಗೆ ಮೀಸೆ ಇಲ್ಲದ್ದರಿಂದ ಅವರ ಹಣೆಯ ಕುಂಕುಮವನ್ನು ಮೀಸೆಗೆ ತತ್ಸಮಾನವೆಂದು ಭಾವಿಸತಕ್ಕದ್ದು. ಸಮಿತಿಯು ಊಟ ಮುಗಿಸಿ ಬರುವಷ್ಟರಲ್ಲಿ ಭಕ್ತಾದಿಗಳು ಸದರಿ ಹಲಗೆಗೆ ಅರಿಶಿನ ಹಚ್ಚಿ ಕೈಮುಗಿಯುತ್ತಿದ್ದರು. ಹಾಗಾಗಿ ಅದನ್ನು ಎತ್ತಿಕೊಂಡು ಬರಲು ಯಾರಿಗೂ ಧೈರ್ಯ ಬಂದಿರುವುದಿಲ್ಲ. ಆ ಜಾಗದಲ್ಲಿ ಈಗ ಕೆಳಗಿನ ರೆಕಾರ್ಡ್ ರೂಮು ಕಾಣುತ್ತದೆ. ಇಣುಕಬಾರದು.

2. ಗೀರು ಬಿದ್ದರೆ ಕಾಣುವುದಿಲ್ಲವೆಂದು ಶ್ರೀಮತಿ ಮಾಲಿನಿಯವರು ಅಗಸೆ ಎಣ್ಣೆಯನ್ನೂ, ಕಾಲಿಗೆ ಹಿತವೆಂದು ಶ್ರೀ ಲಕ್ಷ್ಮೀಶರು ಮೇಣವನ್ನೂ, ದೂರದಿಂದಲೇ ಕಾಣುತ್ತದೆಂದು ಮಾನ್ಯ ಅಧಿಕಾರಿಗಳು ವಾರ್ನಿಷನ್ನೂ ಶಿಫಾರಸು ಮಾಡಿದ್ದರು. ಯಾರ ಮನಸ್ಸಿಗೂ ನೋವಾಗಬಾರದೆಂಬ ಈ ಕಚೇರಿಯ ಪದ್ಧತಿಯಂತೆ ಮೂರನ್ನೂ ಸೇವಾ ಹಿರಿತನದ ಮೇರೆಗೆ, ಕಿರಿಯರದು ಅಡಿಗೆ ಹಿರಿಯರದು ಮೇಲಕ್ಕೆ ಬರುವಂತೆ, ಬಳಿಸಲಾಯಿತು. ಎಣ್ಣೆ, ಮೇಣದ ಮೇಲೆ ಬಳಿದರೆ ವಾರ್ನಿಷು ಒಣಗುವುದಿಲ್ಲವೆಂದು ಡಬ್ಬಿಯ ಮೇಲೆ ಮುದ್ರಿತವಾಗಿತ್ತು. ಡಬ್ಬಿಯು ಈ ಇಲಾಖೆಯ ನಿಯಂತ್ರಣಕ್ಕೆ ಒಳಪಡದ ಕಾರಣ ಅದನ್ನು ಪರಿಗಣಿಸಿರುವುದಿಲ್ಲ.

3. "ನನ್ನ ಕಣ್ಮುಂದೇನೇ ಬಳೀಬೇಕು ಕಣಯ್ಯಾ" ಎಂದು ಮಾನ್ಯ ಅಧಿಕಾರಿಗಳು ಕಿಟಕಿ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರಿಂದ, ಪಾಲಿಶಿನ ಪುಟ್ಟರಾಜು ಸದರಿ ಕುರ್ಚಿಯ ಸುತ್ತ ಬಿಟ್ಟು ಉಳಿದ ನೆಲವನ್ನೆಲ್ಲ ಬಳಿದು ಬಾಗಿಲಿನಿಂದ ಹೊರಬಿದ್ದಿರುತ್ತಾನೆ. ಅಂದಿನಿಂದ ಅಧಿಕಾರಿಗಳು ಅಲ್ಲಿಯೇ ಇರುತ್ತಾರೆ. ಬಚ್ಚಲಿನ ಬಾಗಿಲು ಕುರ್ಚಿಯ ಪಕ್ಕದಲ್ಲೇ ಇರುವುದು ಇಲಾಖೆಯ ದೂರದೃಷ್ಟಿಗೆ ಸಾಕ್ಷಿ.

4. ನೆಲ ಒಣಗಿದೆಯೇ ಎಂಬುದನ್ನು ಬೆರಳು ಮುಟ್ಟಿಸಿ ದೃಢೀಕರಿಸತಕ್ಕದ್ದು. ಬೆರಳಿನ ಗುರುತು ಬಿದ್ದಲ್ಲಿ ಬೆರಳಿನ ಒಡೆಯರ ಮೇಲೆ ಶಿಸ್ತು ಕ್ರಮ ಜರುಗಿಸಲಾಗುವುದು.

5. ಒಣಗಿದ ತರುವಾಯ ಬೂಟು ಧರಿಸಿದವರು ಬೂಟಿನ ಸಮೇತ ಪ್ರವೇಶಿಸಬಹುದು. ಬೂಟು ಹುದ್ದೆಯ ಭಾಗವಾಗಿರುತ್ತದೆ. ಹವಾಯಿ ಚಪ್ಪಲಿಯವರು ಚಪ್ಪಲಿಯನ್ನು ಹೊರಗೆ ಬಿಟ್ಟು ಬರತಕ್ಕದ್ದು. ಬರಿಗಾಲಿನವರಿಗೆ ಹೊರಗೆ ಬಿಡಲು ಏನೂ ಇಲ್ಲದಿರುವುದರಿಂದ ಅವರೇ ಹೊರಗಿರತಕ್ಕದ್ದು.

6. ಅಧಿಕಾರಿಗಳ ಊಟವನ್ನು ಕ್ಯಾಂಟೀನಿನ ದ್ಯಾವಮ್ಮನವರು ಹಗ್ಗ ಕಟ್ಟಿದ ಬಕೆಟ್ಟಿನಲ್ಲಿಟ್ಟು, ಕಿಟಕಿಯ ರಾಟೆಯ ಮೇಲೆ ಹಾಯಿಸಿದ ಆ ಹಗ್ಗವನ್ನು ಕೆಳಗಿನಿಂದ ಎಳೆದು ಮೇಲಕ್ಕೆ ಕಳುಹಿಸುತ್ತಿದ್ದಾರೆ. ಒಮ್ಮೆ ಸಾರು ಚೆಲ್ಲಿ ಕಡತವೊಂದು ಹುಳಿಯಾದ ಕಾರಣ, ಮೊದಲು ಮುದ್ದೆ, ಎರಡನೇ ಸರದಿಗೆ ಸಾರು ಎಂದು ನಿಗದಿಪಡಿಸಲಾಗಿದೆ.

7. ಉಲ್ಲೇಖ (2)ರ ಶ್ರೀಮತಿ ಚಲುವಮ್ಮನವರ ಮನೆಗೆ ಕರೆಂಟು ಬರಲು ಅಧಿಕಾರಿಗಳ ರುಜುವೊಂದೇ ಬಾಕಿ ಇದ್ದು, ಮಗಳು ಹೇಮಾಶ್ರೀ ಮುಂದಿನ ತಿಂಗಳ ಎಸ್ಸೆಸ್ಸೆಲ್ಸಿಗೆ ಸೀಮೆಎಣ್ಣೆ ಬುಡ್ಡಿಯಲ್ಲಿ ಓದುತ್ತಿರುವುದಾಗಿ ಅವರು ಬಂದಾಗಲೆಲ್ಲ ತಿಳಿಸಿರುತ್ತಾರೆ. ನಾಳೆ ಬರುವಂತೆ ಅವರಿಗೆ ಪ್ರತಿ ಸಲವೂ ತಪ್ಪದೆ ಸೂಚಿಸಲಾಗಿದೆ. ಈ ದಿನ ಮುದ್ದೆ ಮೇಲೆ ಬಂದ ನಂತರ ಕಿಟಕಿಯ ಮೂಲಕ ನಡೆದ ವ್ಯವಹಾರವನ್ನು ದಾಖಲೆಗಾಗಿ ಯಥಾವತ್ತಾಗಿ ನೀಡಲಾಗಿದೆ:

ಚಲುವಮ್ಮ: "ಮುದ್ದೆ ಬಂತಾ ಸ್ವಾಮಿ? ತಟ್ಟೆ ಅಡೀಲಿ ನಮ್ಮರ್ಜಿ ಐತೆ. ರುಜು ಹಾಕಿ ಇಳುಸ್ಬುಡಿ, ಸಾರು ಬತ್ತದೆ."
ಅಧಿಕಾರಿಗಳು: "ಏನಮ್ಮಾ ಇದು! ಪರಿಶೀಲಿಸ್ಬೇಕು. ನಾಳೆ ನೋಡೋಣ."
ಚಲುವಮ್ಮ: "ಆಗ್ಲಿ ಬುಡಿ. ಸಾರೂ ನಾಳೆನೇ ಬತ್ತದೆ."
ಅಧಿಕಾರಿಗಳು: "ದ್ಯಾವಮ್ಮಾ! ಏನ್ ನೋಡ್ತಾ ನಿಂತಿದ್ದೀಯ?"
ದ್ಯಾವಮ್ಮ: "ನಾನೇನ್ ಮಾಡ್ಲಿ ಸಾ, ಹಗ್ಗ ಅಕ್ಕನ ಕೈಲೈತೆ. ಅವರೆಕಾಳು ಸಾರು ಸಾ ಇವತ್ತು."

ಮುದ್ದೆಯ ಬಿಸಿ ಆರುವ ಮೊದಲೇ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ ರುಜು ಮಾಡಲಾಗಿದೆ. ಈ ಕಚೇರಿಯಲ್ಲಿ ಇದಕ್ಕೆ ಪೂರ್ವನಿದರ್ಶನವಿಲ್ಲ. ಮುಂದೆ ಯಾರೂ ಇದನ್ನೇ ಪೂರ್ವನಿದರ್ಶನವೆಂದು ಉಲ್ಲೇಖಿಸತಕ್ಕದ್ದಲ್ಲ.

8. ಮೂರೂ ಲೇಪಗಳನ್ನು ಕೆರೆದು ತೆಗೆಯಲು ಪುಟ್ಟರಾಜುವಿಗೆ ಆದೇಶಿಸಲಾಗಿದೆ. ಬಾಗಿಲಿನಿಂದ ಅಧಿಕಾರಿಗಳ ಕಡೆಗೆ ಕೆರೆಯುತ್ತಾ ಬರತಕ್ಕದ್ದು. ಬೇಲೂರು ದೇವಸ್ಥಾನದ ಕಲ್ಲು ನೆಲವು ಎಣ್ಣೆ, ಮೇಣ, ವಾರ್ನಿಷು ಯಾವುದೂ ಇಲ್ಲದೆ ಜನರ ಬರಿಗಾಲಿನಿಂದಲೇ ನುಣುಪಾಗಿರುವುದನ್ನು ಗಮನಿಸಿ, ಸಾರ್ವಜನಿಕರ ಪಾದಗಳನ್ನೇ ಈ ನೆಲದ ಅಂತಿಮ ಮೇಲ್ಲೇಪವನ್ನಾಗಿ ಆಯ್ಕೆ ಮಾಡಲಾಗಿದೆ. ಆದ್ದರಿಂದ ಬರಿಗಾಲಿನವರ ಮೇಲಿನ ನಿರ್ಬಂಧವನ್ನು ಹಿಂಪಡೆದು, ಅವರು ಪದೇ ಪದೇ ಬರುವುದನ್ನು ಕಡ್ಡಾಯಗೊಳಿಸಲಾಗಿದೆ. ಹಲಗೆಯಲ್ಲಿ ಮೀಸೆ ಕಾಣುವವರೆಗೆ ಯಾವ ಅರ್ಜಿಯನ್ನೂ ಒಂದೇ ಸಲಕ್ಕೆ ವಿಲೇವಾರಿ ಮಾಡತಕ್ಕದ್ದಲ್ಲ. ಈ ಬಗ್ಗೆ ಸಿಬ್ಬಂದಿಗೆ ಪ್ರತ್ಯೇಕ ತರಬೇತಿಯ ಅಗತ್ಯ ಕಂಡುಬಂದಿರುವುದಿಲ್ಲ.

ಸಹಿ/-
ಅಧಿಕಾರಿಗಳು
(ಕಿಟಕಿಯಿಂದ)

ಪ್ರತಿಗಳು:
1. ಶ್ರೀ ಲಕ್ಷ್ಮೀಶ ಮತ್ತು ಶ್ರೀಮತಿ ಮಾಲಿನಿ, ಸಮಿತಿ ಸದಸ್ಯರು: ಪರಸ್ಪರ ದೂಷಿಸಿಕೊಳ್ಳುವ ಸಲುವಾಗಿ.
2. ಪುಟ್ಟರಾಜು, ಪಾಲಿಶ್ ಕೆಲಸ: ದಿಕ್ಕು ತಪ್ಪದಿರುವ ಸಲುವಾಗಿ.
3. ಹಳೇಬೀಡಿನಲ್ಲಿರುವ ಹಲಗೆ: ಭಕ್ತಿಪೂರ್ವಕವಾಗಿ.
4. ಶ್ರೀಮತಿ ಚಲುವಮ್ಮ, ಹಾರನಹಳ್ಳಿ (ಹಾಲಿ ಕಿಟಕಿಯ ಕೆಳಗೆ): ರುಜು ಮಾಡಿದ ಅರ್ಜಿಯನ್ನು ಇದರೊಂದಿಗೆ ಬಕೆಟ್ಟಿನಲ್ಲಿ ಲಗತ್ತಿಸಿದೆ. ಪರಿಶೀಲಿಸಿಕೊಂಡು, ನಾಳೆಗೆ ಮುಂದೂಡದೆ, ಸಾರನ್ನು ಈ ಕೂಡಲೇ ಮೇಲಕ್ಕೆ ಬಿಡಲು ಕೋರಿದೆ.