ನಾನು ಸುಲೈಮಾನಿ ಬೇಡವೆಂದ ದಿನ

ಬಂದರಿನಲ್ಲಿ ನನ್ನದು ಮೆಣಸಿನ ಸಗಟು ಅಂಗಡಿ. ವ್ಯಾಪಾರ ಕುದುರಿದರೆ ಒಂದು ಸುಲೈಮಾನಿ, ಕುದುರದಿದ್ದರೆ ಬೇಸರ ಕಳೆಯಲು ಇನ್ನೊಂದು. ಹಾಲಿಲ್ಲದ ಈ ಚಹಾವನ್ನು ವರ್ಷಗಟ್ಟಲೆ ಕುಡಿದು ನನ್ನ ಹಲ್ಲುಗಳು ಹಳೆ ಗೋಡೌನಿನ ಹೆಂಚಿನ ಬಣ್ಣಕ್ಕೆ ಬಂದಿದ್ದವು. ನನಗೇನೂ ತೊಂದರೆ ಇರಲಿಲ್ಲ. ನನ್ನ ಹಲ್ಲು ನನಗೆ ಕಾಣುತ್ತದೆಯೇ?

ಅಷ್ಟರಲ್ಲಿ ಮಗ ನೌಫಲನಿಗೆ ತೊಕ್ಕೊಟ್ಟಿನಿಂದ ಸಂಬಂಧ ಬಂತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಮಾತು ಮುಗಿಸಲು ಹಿರಿಯರು ಹೋಗುವುದೊಂದೇ ಬಾಕಿ.

“ಅಲ್ಲಿ ನೀವು ನಗ್ಲಿಕ್ಕೆ ಹೋಗ್ಬೇಡಿ ಮಾರಾಯ್ರೇ. ಹುಡುಗಿ ಹೆದರ್ತಾಳೆ,” ಎಂದಳು ಹೆಂಡತಿ ಜೊಹರಾ.

ನನ್ನ ಆತ್ಮಗೌರವ ಕೆರಳಿತು. ಹಲ್ಲು ಬಿಳಿ ಮಾಡುವುದು ಯಾವ ಮಹಾ ವಿದ್ಯೆ! ನಿಂಬೆಹಣ್ಣಿಗೆ ಉಪ್ಪು ಹಚ್ಚಿ ತಾಮ್ರದ ಚೆಂಬು ತಿಕ್ಕುವ ಹಾಗೆ ತಿಕ್ಕಿದೆ. ಬಣ್ಣ ಹೋಗಲಿಲ್ಲ. ತಣ್ಣೀರು ಬಾಯಿಗೆ ಹಾಕಿದರೆ ಮಾತ್ರ ನೆತ್ತಿಯವರೆಗೆ ಜುಮ್ಮೆನ್ನತೊಡಗಿತು.

ಅತ್ತಾವರದ ದಂತವೈದ್ಯೆ ನನ್ನ ಬಾಯಿ ನೋಡಿ ಗದರಿದರು. “ಇದೆಂತ ಮಾಡಿದ್ದು ನೀವು? ಹುಳಿ ಹಾಕಿ ತಿಕ್ಕಿದ್ರೆ ಹಲ್ಲಿನ ಮೇಲ್ಪದರವೇ ಸವೆದು ಹೋಗ್ತದೆ.” ಆಮೇಲೆ ಯಂತ್ರ ಹಿಡಿದು ಕ್ಲೀನ್ ಮಾಡಿದರು. ಹಲ್ಲು ಫಳಫಳ! “ಇನ್ನು ಚಾ ಕುಡಿದ ಕೂಡಲೇ ನೀರಲ್ಲಿ ಬಾಯಿ ಮುಕ್ಕಳಿಸಿ. ಎರಡು ದಿನ ಮಾತ್ರ ಚಾ, ಕಾಫಿ, ಬಣ್ಣದ ಜ್ಯೂಸ್ ಯಾವುದೂ ಬೇಡ.”

ನಾನು ವಿಧೇಯ ರೋಗಿ. ಒಪ್ಪಿದೆ. ಮರುದಿನವೇ ತೊಕ್ಕೊಟ್ಟಿಗೆ ಹೊರಟೆವು.

ಹುಡುಗಿಯ ತಂದೆ ಹಮೀದ್ ಆದರದಿಂದ ಕೂರಿಸಿದರು. ಸುಲೈಮಾನಿ ಬಂತು. “ಬೇಡ,” ಎಂದೆ. ಕಾಫಿ ಬಂತು. “ಅದೂ ಬೇಡ.” ಕಡುಗೆಂಪು ಪುನರ್ಪುಳಿ ಶರಬತ್ತು ಬಂತು. “ಅಯ್ಯೋ, ಅದಂತೂ ಬೇಡವೇ ಬೇಡ!”

ಗಂಡಿನ ತಂದೆ ಹೆಣ್ಣಿನ ಮನೆಯ ಲೋಟ ಮುಟ್ಟದಿದ್ದರೆ ನಮ್ಮಲ್ಲಿ ಸಂಬಂಧ ಬೇಡ ಎಂದೇ ಅರ್ಥ. ಹಲ್ಲಿನ ಧ್ಯಾನದಲ್ಲಿ ನನಗದು ಮರೆತೇ ಹೋಗಿತ್ತು. ಹಮೀದರ ಮುಖ ಬಾಡಿತು. ಪರದೆಯ ಆಚೆ ಯಾರೋ ಬಿಕ್ಕಿದ ಸದ್ದು. ವಾತಾವರಣ ತಿಳಿಗೊಳಿಸುವ ಸದುದ್ದೇಶದಿಂದ ನಾನು ಅಷ್ಟೂ ಹಲ್ಲು ಕಾಣುವಂತೆ ನಕ್ಕೆ. ಅವರು ಅದನ್ನು ಕುಹಕವೆಂದುಕೊಂಡರು.

“ನಮ್ಮಿಂದ ಎಂತ ತಪ್ಪಾಯ್ತು, ಹೇಳಿ,” ಎಂದರು ಹಮೀದ್.

ಜೊಹರಾ ನನ್ನ ಪಕ್ಕೆಗೆ ತಿವಿದು ಕಿವಿಯಲ್ಲಿ ಗುಡುಗಿದಳು. “ಮಗನ ಮದುವೆ ದೊಡ್ಡದಾ, ನಿಮ್ಮ ಹಲ್ಲು ದೊಡ್ಡದಾ? ಕುಡೀರಿ!”

ಕುಡಿದೆ. ಸುಲೈಮಾನಿ, ಕಾಫಿ, ಪುನರ್ಪುಳಿ, ಒಂದರ ಹಿಂದೊಂದು, ಹನಿ ಬಿಡದೆ! ಹಮೀದ್ ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. ಸಂಬಂಧ ಉಳಿಯಿತು. ನನಗೂ ಹೋದ ಜೀವ ಬಂದಂತಾಯಿತು.

ಹೊರಡುವಾಗ ಅವರು ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು.

“ನಿಮ್ಮ ಹಲ್ಲಿನ ಸೆಟ್ಟು ಭಾರೀ ಲಾಯ್ಕುಂಟು. ಕುಡಿಯುವಾಗ ಕಳಚಿ ಬೀಳ್ತದೆ ಅಂತ ಹೆದರಿ ಬೇಡ ಹೇಳಿದ್ದಲ್ವಾ? ಮೊದಲೇ ಹೇಳ್ಬಾರ್ದಾ ಮಾರಾಯ್ರೇ! ಎಲ್ಲಿ ಮಾಡಿಸಿದ್ದು?”

ಇದು ನನ್ನ ಸ್ವಂತ ಹಲ್ಲು ಎನ್ನಲು ಬಾಯಿ ತೆರೆದೆ. ಹಾಗಾದರೆ ಬೇಡವೆಂದದ್ದೇಕೆ ಎಂಬ ಪ್ರಶ್ನೆ ಮತ್ತೆ ಏಳುತ್ತದಲ್ಲ!

“ಅತ್ತಾವರದಲ್ಲಿ,” ಎಂದೆ. “ಸ್ವಲ್ಪ ಲೂಸ್ ಉಂಟು.”