ಬಕೆಟ್ ಕಂಡರಾಗದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ದೇವರ ಮೇಲೆ ನಂಬಿಕೆಯಿದೆ, ಮನುಷ್ಯರ ಮೇಲೂ ತಕ್ಕಮಟ್ಟಿಗೆ ಇದೆ. ನೀರು ತುಂಬಿದ ಬಕೆಟ್ಟಿನ ಮೇಲೆ ಮಾತ್ರ ಎಳ್ಳಷ್ಟೂ ಇಲ್ಲ. ಯಾರ ಮನೆಯಲ್ಲಿ ಕಂಡರೂ ಚೆಲ್ಲಿಬಿಡುತ್ತಾಳೆ. "ಅಂಬೆಗಾಲಿಡೋ ಮಗು ಬಗ್ಗಿ ನೋಡಿದ್ರೆ ತಲೆ ಭಾರಕ್ಕೆ ಒಳಗೆ ಬೀಳತ್ತೆ. ಎದ್ದೇಳಕ್ಕೆ ಬರಲ್ಲ, ಗೊತ್ತಾಯ್ತಾ?" ಎನ್ನುತ್ತಾಳೆ. ಆ ಮನೆಯಲ್ಲಿರುವವರ ಪೈಕಿ ಅತ್ಯಂತ ಚಿಕ್ಕವರು ನಿವೃತ್ತ ಹೆಡ್‌ಮಾಸ್ಟರರಾದರೂ ಸರಿಯೇ, ವಿನಾಯಿತಿ ಇಲ್ಲ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಸಾಗರದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಡೇ ಕೇರ್ ನಡೆಸುತ್ತಾಳೆ. ನಾನು ಊರಾಚೆಯ ಶಾಲೆಯಲ್ಲಿ ಟೀಚರ್, ನಮ್ಮ ಯಜಮಾನರಿಗೆ ಜೋಗದಲ್ಲಿ ಕೆಲಸ. ಹಾಗಾಗಿ ನಮ್ಮ ಮಗಳು ಬೆಳೆಯುತ್ತಿರುವುದೂ ಅವಳ ಕೈಯಲ್ಲೇ.

ಡೇ ಕೇರ್ ಶುರು ಮಾಡುವ ಮೊದಲು ಚಿಕ್ಕಮ್ಮ ಮಕ್ಕಳ ಆರೋಗ್ಯ, ಸುರಕ್ಷತೆಯ ತರಬೇತಿಗೆಂದು ಶಿವಮೊಗ್ಗಕ್ಕೆ ಹೋಗಿದ್ದಳು. ಉಳಿದವರು ಅಲ್ಲಿಂದ ಒಂದು ಸರ್ಟಿಫಿಕೇಟು, ಮಧ್ಯಾಹ್ನದ ಊಟದ ಬಗ್ಗೆ ಒಂದಿಷ್ಟು ದೂರು ತಂದರು. ಇವಳು ಅಲ್ಲಿ ಹೇಳಿದ್ದನ್ನೆಲ್ಲ ನಂಬಿಕೊಂಡು ಬಂದಳು! ಕೋಣೆಯನ್ನು ಮಗುವಿನ ಎತ್ತರದಿಂದ ನೋಡಬೇಕು ಎಂದಿದ್ದರಂತೆ. ಈಗಲೂ ದಿನಾ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು, ಅಂಬೆಗಾಲಿಟ್ಟು ಇಡೀ ಮನೆ ಸುತ್ತುತ್ತಾಳೆ. ಒಮ್ಮೆ ಮಗುವನ್ನು ಸೇರಿಸಲು ಬಂದ ಬ್ಯಾಂಕಿನ ಹೆಂಗಸೊಬ್ಬರು ಬಾಗಿಲಲ್ಲಿ ನಿಂತಾಗ ಬೆಂಚಿನ ಅಡಿಯಿಂದ ಒಂದು ತಲೆ ಹೊರಬಂದು, "ಬನ್ನಿ, ಮೊದ್ಲು ಕೈ ತೊಳ್ಕೊಳ್ಳಿ" ಎಂದಿತು. ಅವರು ಬೆದರಿ ಕೈ ತೊಳೆದುಕೊಂಡು ಬಂದರು. "ಬೆರಳ ಸಂದಿ?" ಎಂದಿತು ತಲೆ. ಪಾಪ, ಮತ್ತೆ ಹೋದರು. ಮಗುವನ್ನು ಅವತ್ತೇ ಸೇರಿಸಿದರು.

ತೀರ್ಥಹಳ್ಳಿಗೆ ನನ್ನ ತಮ್ಮನಿಗೆ ಹುಡುಗಿ ನೋಡಲು ಹೋದಾಗ ಇವಳನ್ನೂ ಕರೆದುಕೊಂಡು ಹೋಗಿದ್ದೆವು. ಹುಡುಗಿಯ ತಂದೆ ಇಡೀ ದ್ರಾಕ್ಷಿ ಬಾಯಿಗೆ ಹಾಕಿಕೊಂಡು ಜೋರಾಗಿ ನಕ್ಕರು. ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ನಗ್ತಾ ತಿನ್ಬೇಡಿ, ಗಂಟಲಲ್ಲಿ ಸಿಕ್ಕತ್ತೆ. ಉದ್ದಕ್ಕೆ ಹೆಚ್ಚಿಕೊಡ್ಲಾ?" ಎಂದಳು. ಅವರು ತಿನ್ನುವುದನ್ನೂ ನಗುವುದನ್ನೂ ಒಟ್ಟಿಗೇ ನಿಲ್ಲಿಸಿದರು. ಪುಣ್ಯಕ್ಕೆ ಮಾತುಕತೆ ನಿಲ್ಲಿಸಲಿಲ್ಲ.

ಹೊಸನಗರದ ಗೃಹಪ್ರವೇಶದ ಕತೆ ಇನ್ನೂ ಚೆಂದ. ಅಲ್ಲಿ ಹಿಂದಿನ ದಿನದಿಂದ ಕರೆಂಟಿಲ್ಲ, ಪಂಪು ಓಡುತ್ತಿಲ್ಲ. ಮನೆಯವರು ಪಕ್ಕದವರ ಬಾವಿಯಿಂದ ಹೊತ್ತು ತಂದ ನೀರನ್ನು ಬಚ್ಚಲಲ್ಲಿ ಬಕೆಟ್ಟು ಬಕೆಟ್ಟಾಗಿ ಸಾಲಾಗಿ ಇಟ್ಟಿದ್ದರು. ಊಟ ಮುಗಿಸಿದ ನೆಂಟರು ಅಲ್ಲಿಗೆ ಹೋಗಿ ನೋಡಿದರೆ ಅಷ್ಟೂ ಬಕೆಟ್ಟುಗಳು ಚೊಕ್ಕಟವಾಗಿ ಬೋರಲು ಬಿದ್ದಿದ್ದವು. ಊರಿಗೆಲ್ಲ ಕೈ ತೊಳೆಯುವ ಪಾಠ ಹೇಳುವವಳ ದೆಸೆಯಿಂದ ಅಂದು ಯಾರಿಗೂ ಕೈ ತೊಳೆಯಲಾಗಲಿಲ್ಲ.

ನೆಂಟರ ಗತಿ ಹೀಗಾದರೆ ಅಳಿಯನ ಗತಿ? ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆಂದು ಬೆಳಿಗ್ಗೆಯೇ ತಾಯಿ ಹೇಳಿರಬೇಕೆಂಬುದು ಚಿಕ್ಕಮ್ಮನ ಕಾನೂನು. ಒಂದು ದಿನ ನಮ್ಮ ಯಜಮಾನರು ಕೆಲಸ ಬೇಗ ಮುಗಿಯಿತೆಂದು ಹೇಳದೆ ಕೇಳದೆ ಅಲ್ಲಿಗೆ ಹೋದರು. ನಾನು ಪರೀಕ್ಷೆ ಡ್ಯೂಟಿಯಲ್ಲಿದ್ದೆ, ಫೋನ್ ಆಫ್ ಆಗಿತ್ತು.

"ಅಳಿಯಂದ್ರೇ, ನಮ್ಮನೆ ಹುಡುಗೀನೇ ನಿಮಗೆ ಕೊಟ್ಟಿದೀವಿ, ಅದು ಬೇರೆ ವಿಷ್ಯ. ಅವಳು ಹೇಳ್ದೆ ಈ ಮಗೂನ ಕೊಡಕ್ಕಾಗಲ್ಲ" ಎಂದಳು ಚಿಕ್ಕಮ್ಮ.

ಆಗಷ್ಟೇ ಮಾತು ಕಲಿಯುತ್ತಿದ್ದ ಮಗಳು ಕಿಟಕಿಯಿಂದ "ಅಪ್ಪಾ, ಅಪ್ಪಾ" ಎನ್ನುತ್ತಿದ್ದಳು. ಇವರಿಗೆ ಧೈರ್ಯ ಬಂತು. "ನೋಡಿ, ಅವಳೇ ಅಪ್ಪ ಅಂತಿದಾಳಲ್ಲ."

"ಹಾಲಿನವ್ರಿಗೂ ಹಂಗೇ ಅಂತಾಳೆ. ಕಾಫಿ ಕೊಡ್ತೀನಿ, ಹೊರಗೇ ನಿಂತು ಕುಡೀರಿ. ಮಕ್ಳಿರೋ ಕಡೆ ಬಿಸಿದು ತರಂಗಿಲ್ಲ."

ನಾನು ಬರುವವರೆಗೂ ಅವರು ಗೇಟಿನ ಬಳಿ ಲೋಟ ಹಿಡಿದು ನಿಂತೇ ಇದ್ದರು.

ಆದರೆ ಬೀದಿಯವರು ಎಲ್ಲಕ್ಕಿಂತ ಹೆಚ್ಚು ನಕ್ಕಿದ್ದು ಸೀರೆ ರೈಲಿಗೆ. ವಾರಕ್ಕೊಮ್ಮೆ ಚಿಕ್ಕಮ್ಮ ಒಂದು ಹಳೆಯ ಸೀರೆಗೆ ಉದ್ದಕ್ಕೂ ಗಂಟು ಹಾಕಿ, ಒಂದೊಂದು ಗಂಟನ್ನು ಒಂದೊಂದು ಮಗುವಿನ ಕೈಗೆ ಕೊಡುವಳು. ತಾನು ಮುಂದೆ ಹಾಡು ಹೇಳುತ್ತ, ಎಳೆಗೂಸುಗಳನ್ನೆತ್ತಿಕೊಂಡ ಆಯಾ ಹಿಂದೆ. ಮೆರವಣಿಗೆ ಎದುರಿನ ಹಿಟ್ಟಿನ ಗಿರಣಿಯ ಅಂಗಳಕ್ಕೆ ಹೋಗಿ ನಿಲ್ಲುವುದು. ಬೆಂಕಿ ಬಿದ್ದರೆ ಮನೆಯಿಂದ ಹೊರಬರಲು ಅದು ಅಭ್ಯಾಸ. "ಅಕ್ಕೋರೇ, ಇವತ್ತು ಯಾವೂರಿಗೆ?" ಎಂದು ಗಿರಣಿಯವರು ಪ್ರತಿ ಸಲ ಕೇಳುತ್ತಿದ್ದರು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಡೇ ಕೇರ್ ಹಿಂದಿನ ಗೋಣಿಚೀಲದ ಗೋದಾಮಿಗೆ ನಿಜವಾಗಿಯೂ ಬೆಂಕಿ ಬಿತ್ತು. ಹೊಗೆ ಅಡಿಗೆಮನೆಯ ಕಿಟಕಿಯಿಂದ ಒಳನುಗ್ಗಿತಂತೆ. ಸುದ್ದಿ ಕೇಳಿ ನಾನು ಶಾಲೆಯಿಂದ ಆಟೋ ಹತ್ತಿದೆ. ದಾರಿಯಲ್ಲಿ ಏನೇನು ಯೋಚನೆ ಬಂತೆಂದು ಬರೆಯಲಾರೆ. ಬೀದಿಯ ತುಂಬ ಜನ, ಬೆಂಕಿ ಆರಿಸುವ ಗಾಡಿ. ತಳ್ಳಿಕೊಂಡು ಹೋದರೆ, ಗಿರಣಿಯ ಅಂಗಳದಲ್ಲಿ ಮಕ್ಕಳೆಲ್ಲ ಸಾಲಾಗಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು.

"ಅಮ್ಮಾ, ಇವತ್ತು ರೈಲಿಗೆ ನಿಜವಾಗ್ಲೂ ಹೊಗೆ ಬಂತು" ಎಂದಳು ಮಗಳು ಖುಷಿಯಿಂದ.

ಗಿರಣಿಯವರು ಮೆಲ್ಲಗೆ ಹೇಳಿದರು: "ಹಾಡು ಹೇಳ್ಕೊಂಡೇ ಕರ್ಕೊಂಡ್ ಬಂದ್ರು ನಿಮ್ಮ ಚಿಕ್ಕಮ್ಮ. ಒಂದ್ ಮಗೂನೂ ಅಳ್ಲಿಲ್ಲ."

ಚಿಕ್ಕಮ್ಮ ಒಬ್ಬೊಬ್ಬ ತಾಯಿಯ ಮುಖ ನೋಡಿ ಅವರವರ ಮಗುವನ್ನು ಅವರವರ ಕೈಗೆ ಕೊಟ್ಟಳು. ಕೊನೆಯವರೂ ಹೋದ ಮೇಲೆ ಗಿರಣಿಯ ಕಟ್ಟೆಯ ಮೇಲೆ ಕುಸಿದು ಕೂತಳು.

"ಏಳು ಚಿಕ್ಕಮ್ಮ, ನಮ್ಮನೆಗೆ ಹೋಗಣ" ಎಂದೆ.

"ಏಳಕ್ಕಾಗ್ತಿಲ್ಲ ಕಣೇ. ಹಾಡು ಹೇಳ್ತಾ ಹೆಂಗೋ ಬಂದ್ಬಿಟ್ಟೆ." ತಲೆ ತಗ್ಗಿಸಿದಳು. "ಸ್ವಲ್ಪ ಹೊತ್ತು ನನ್ನ ಕೈ ಹಿಡ್ಕೊಂಡು ಕೂತ್ಕೋ."

ಹಿಡಿದುಕೊಂಡೆ. ಆ ಸುಡುಬಿಸಿಲಲ್ಲೂ ಕೈ ತಣ್ಣಗಿತ್ತು. ಅವಳಿಗೂ ಭಯವಾಗುತ್ತದೆಂದು ನಮ್ಮಲ್ಲಿ ಯಾರಿಗೂ ಯಾವತ್ತೂ ಹೊಳೆದಿರಲಿಲ್ಲ. ಆಚೆ ಬದಿಯ ಕೈಯನ್ನು ನನ್ನ ಮಗಳು ಯಾರೂ ಹೇಳದೆಯೇ ಹಿಡಿದುಕೊಂಡಳು. ಬೆಂಕಿ ಆರಿಸುವವರು ಪೈಪು ಸುತ್ತಿಕೊಂಡು ಹೊರಟರು, ಜನ ಕರಗಿದರು. ನಾವು ಮೂವರೂ ಹಾಗೇ ಕೂತಿದ್ದೆವು.