ನಸುಕಿನ ವಿದ್ಯಾರ್ಥಿ

ನನ್ನ ಮಗಳನ್ನು ಗಣಿತದಲ್ಲಿ ನಾನೇ ಮೇಲಕ್ಕೆತ್ತುತ್ತೇನೆ ಎಂದು ನಾನು ಪಣ ತೊಟ್ಟದ್ದು ಹಲ್ಲುಜ್ಜುವಾಗ. ಬಾಯಿ ತುಂಬ ನೊರೆ ಇದ್ದುದರಿಂದ ಆ ಪ್ರತಿಜ್ಞೆಯನ್ನು ಗಟ್ಟಿಯಾಗಿ ಹೇಳಲಾಗಲಿಲ್ಲ. ಹೇಳಿದ್ದರೆ ಹೆಂಡತಿ ಅಲ್ಲೇ ತಡೆಯುತ್ತಿದ್ದಳು, ನನ್ನ ಮಾನವೂ ಉಳಿಯುತ್ತಿತ್ತು.

ವಿಷಯ ಇಷ್ಟೇ. ಮಗಳ ಶಾಲೆಯಲ್ಲಿ ಈ ವರ್ಷ ಗಣಿತಕ್ಕೆ ಹೊಸ ವ್ಯವಸ್ಥೆ ಬಂತು. ಪ್ರತಿ ಮಗುವಿಗೂ ಒಂದು ಟ್ಯಾಬ್. ಮಗು ಉತ್ತರಿಸುವ ರೀತಿಯನ್ನು ನೋಡಿ ನೋಡಿ ಅದು ಮಗುವನ್ನು ಅಳೆಯುತ್ತದೆ. ಸರಿ ಮಾಡಿದರೆ ಒಂದು ಮೆಟ್ಟಿಲು ಮೇಲಿನ ಲೆಕ್ಕ, ತಪ್ಪು ಮಾಡಿದರೆ ಒಂದು ಮೆಟ್ಟಿಲು ಕೆಳಗಿನದು. ಯಾರಿಗೆ ಎಷ್ಟು ಬೇಕೋ ಅಷ್ಟೇ ಪಾಠ! ಪೋಷಕರ ಸಭೆಯಲ್ಲಿ ಗಣಿತದ ಟೀಚರ್ ಒಂದೇ ಮಾತು ಕೇಳಿಕೊಂಡರು. "ದಯವಿಟ್ಟು ಮನೇಲಿ ಯಾರೂ ಕೈ ಹಾಕಬೇಡಿ. ಮಗು ತಪ್ಪು ಮಾಡಿದ್ರೆ ಮಾಡ್ಲಿ. ಅದು ಹೇಗಿದೆಯೋ ಹಾಗೇ ಟ್ಯಾಬಿಗೆ ಗೊತ್ತಾಗಬೇಕು."

ಎಲ್ಲರೂ ತಲೆಯಾಡಿಸಿದರು. ನಾನು ಎಲ್ಲರಿಗಿಂತ ಜೋರಾಗಿ ಆಡಿಸಿದೆ.

ಮುಂದಿನ ವಾರ ನೋಡುತ್ತೇನೆ, ಮಗಳು ಆರನೇ ಮೆಟ್ಟಿಲಲ್ಲಿ ನಿಂತಿದ್ದಾಳೆ. ಪಕ್ಕದ ಮನೆಯ ಹುಡುಗಿ ಏಳರಲ್ಲಿ! ನಾನೋ ನೀರು ಸರಬರಾಜು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ತಲೆ ನರೆಸಿಕೊಂಡವನು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಆರರಲ್ಲೇ ನಿಲ್ಲುವುದೆಂದರೇನು? (ಹೊಟ್ಟೆ ನನ್ನದಲ್ಲ, ಹೆಂಡತಿಯದು. ಆದರೆ ತಲೆ ನನ್ನದು ಎಂದು ಆಗ ನಂಬಿದ್ದೆ.) ಒಂದೇ ಒಂದು ಮೆಟ್ಟಿಲು ನಾನು ಎತ್ತಿಬಿಟ್ಟರೆ ಮುಂದಿನದನ್ನು ಅವಳು ನೋಡಿಕೊಳ್ಳುತ್ತಾಳೆ.

ಹಾಗಾಗಿ ಮಾರನೇ ದಿನ ನಸುಕಿನಲ್ಲೇ ಎದ್ದು, ಅಡುಗೆಮನೆಯ ಮೇಜಿನ ಮುಂದೆ ಮಗಳ ಟ್ಯಾಬ್ ತೆರೆದು ಕೂತೆ. ಕನ್ನಡಕ ಒರೆಸಿಕೊಂಡೆ. ಯುದ್ಧಕ್ಕೆ ಹೊರಟ ಸೇನಾಧಿಪತಿಗೂ ಅಷ್ಟು ಗಾಂಭೀರ್ಯ ಇರಲಾರದು. ಮೊದಲ ಲೆಕ್ಕ ಬಂತು: ಅರ್ಧವನ್ನು ಕಾಲಿನಿಂದ ಭಾಗಿಸಿ.

ಇದೂ ಒಂದು ಲೆಕ್ಕವೇ! ಅರ್ಧವನ್ನು ಮತ್ತೆ ಭಾಗಿಸಿದರೆ ಇನ್ನೂ ಚಿಕ್ಕದಾಗುತ್ತದೆ. ಎಂಟನೇ ಒಂದು ಎಂದು ಒತ್ತಿದೆ.

"ಪರವಾಗಿಲ್ಲ, ಇನ್ನೊಮ್ಮೆ ಯೋಚಿಸೋಣ" ಎಂದಿತು ಟ್ಯಾಬ್, ಬಹಳ ಮೃದುವಾದ ಹೆಣ್ಣುದನಿಯಲ್ಲಿ.

ಯೋಚಿಸುವುದೇನು ಬಂತು? ಮತ್ತೆ ಅದನ್ನೇ ಒತ್ತಿದೆ. ಮತ್ತೆ "ಪರವಾಗಿಲ್ಲ." ಬೆರಳು ಸರಿಯಾಗಿ ತಗುಲಿಲ್ಲವೇನೋ ಎಂದು ಹೆಬ್ಬೆರಳಿನಿಂದ ಒತ್ತಿದೆ. ಕೊನೆಗೆ ಆ ದನಿ ತಾನೇ ಉತ್ತರ ಹೇಳಿತು: ಎರಡು. ಅರ್ಧದಲ್ಲಿ ಎರಡು ಕಾಲುಗಳಿವೆಯಂತೆ! ನಮ್ಮ ಕಚೇರಿಯಲ್ಲಿ ಯಾರಾದರೂ ಅರ್ಧವನ್ನು ಭಾಗಿಸಿ ಎರಡು ಮಾಡಿಕೊಂಡು ಬಂದಿದ್ದರೆ ಅವತ್ತೇ ಅವರ ಮೇಲೆ ವಿಚಾರಣೆ ನಡೆಯುತ್ತಿತ್ತು. ಟ್ಯಾಬ್ ನನ್ನ ಜೊತೆ ವಾದಕ್ಕೆ ನಿಲ್ಲಲಿಲ್ಲ. ತಣ್ಣಗೆ ಒಂದು ಮೆಟ್ಟಿಲು ಇಳಿಸಿತು. ಆಮೇಲೆ ಇನ್ನೊಂದು. ಪರದೆಯ ಮೇಲೆ ದುಂಡನೆಯ ಕೇಕಿನ ಚಿತ್ರ ಬಂತು. "ಈ ಕೇಕಿನ ಅರ್ಧ ಭಾಗವನ್ನು ಮುಟ್ಟು ನೋಡೋಣ" ಎಂದಿತು.

ಮುಟ್ಟಿದೆ. "ಭೇಷ್!" ಎಂದಿತು. ನಾಚಿಕೆಯಾಗಬೇಕಿತ್ತು. ನಿಜ ಹೇಳುತ್ತೇನೆ, ಖುಷಿಯಾಯಿತು. ನನಗೆ ಭೇಷ್ ಎಂದವರನ್ನು ನಾನು ಕಂಡು ಬಹಳ ಕಾಲವಾಗಿತ್ತು.

ಇಳಿಸಿದ್ದನ್ನು ಹತ್ತಿಸದೆ ಬಿಡುವುದುಂಟೇ? ಮಾರನೇ ನಸುಕಿನಲ್ಲೂ ಎದ್ದೆ. ಅದರ ಮಾರನೇ ದಿನವೂ.

"ಏನ್ರೀ, ಅಲಾರಂ ಹೊಡೆದ್ರೂ ಏಳದವರು ಇಷ್ಟು ಬೇಗ ಎದ್ದು ಏನು ಮಾಡ್ತೀರಿ?" ಎಂದಳು ಹೆಂಡತಿ.

"ವ್ಯಾಯಾಮ ಕಣೇ."

"ವ್ಯಾಯಾಮ ಮಾಡೋರು ಮಧ್ಯೆ ಮಧ್ಯೆ 'ಅದು ಹೇಗಾಗುತ್ತೆ, ಅದು ಹೇಗಾಗುತ್ತೆ' ಅಂತಾರಾ?"

"ಉಸಿರಾಟದ ವ್ಯಾಯಾಮ."

ಅವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಹಾಲು ಕಾಯಿಸಲು ಹೋದಳು.

ಈ ಕಡೆ ಸಂಜೆ ಮಗಳು ಟ್ಯಾಬ್ ತೆರೆದರೆ ಅವಳಿಗೆ ಕೇಕು! ಪಾಪ, ಎಲ್ಲ ಸರಿ ಮಾಡಿ, ಒಂದೊಂದೇ ಮೆಟ್ಟಿಲು ಹತ್ತಿ, ಆರರ ಹತ್ತಿರ ಬಂದು ಮಲಗುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಅವಳ ಪೂಜ್ಯ ತಂದೆ ಅವಳನ್ನು ಮತ್ತೆ ಪಾತಾಳಕ್ಕೆ ಇಳಿಸಿರುತ್ತಿದ್ದರು. ಯಾವ ಹೊತ್ತಿನಲ್ಲಿ ಯಾವ ಉತ್ತರ ಎಂಬುದು ಟೀಚರಿಗೆ ಮಾತ್ರ ಕಾಣುತ್ತಿತ್ತು. ಅವಳಿಗೆ ಕಾಣುತ್ತಿದ್ದುದು ಒಂದೇ: ನಿನ್ನೆ ಹತ್ತಿದ್ದು ಇವತ್ತು ಇಲ್ಲ.

ಕಚೇರಿಯ ಕ್ಯಾಲ್ಕುಲೇಟರನ್ನು ಮನೆಗೆ ತಂದು ನೋಡಿದೆ. ಉತ್ತರವೇನೋ ಸರಿ ಬಂತು. "ತುಂಬ ಚೆನ್ನಾಗಿದೆ! ಹೇಗೆ ಮಾಡಿದೆ, ಹಂತ ಹಂತವಾಗಿ ಬರೆದು ತೋರಿಸು" ಎಂದಿತು ಟ್ಯಾಬ್. ಬರೆದು ತೋರಿಸಿದೆ. ಎರಡು ಮೆಟ್ಟಿಲು ಒಟ್ಟಿಗೇ ಇಳಿಸಿತು.

ಒಂದು ಸಂಜೆ ನಾನು ಕಚೇರಿಯಿಂದ ಬಂದಾಗ ಮಗಳು ಶೂ ಕೂಡ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತಿದ್ದಳು. ಟ್ಯಾಬ್ ತೊಡೆಯ ಮೇಲಿತ್ತು, ಮುಚ್ಚಿತ್ತು.

"ಅಪ್ಪಾ, ನಾನು ದಡ್ಡಿ ಆಗ್ತಿದೀನಾ?"

"ಯಾರು ಹೇಳಿದ್ದು ಪುಟ್ಟಿ?"

"ಟ್ಯಾಬು. ಕಲಿತಿದ್ದನ್ನೆಲ್ಲ ಮರೀತಿದೀನಂತೆ. ಸೋಮವಾರದಿಂದ ನನ್ನ ಬೇರೆ ಕೋಣೆಗೆ ಕಳಿಸ್ತಾರಂತೆ, ಮೊದಲಿಂದ ಹೇಳ್ಕೊಡೋ ಗುಂಪಿಗೆ." ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ನಂಗೆ ಮರೆತ ಹಾಗೆ ಅನ್ನಿಸ್ತಾನೇ ಇಲ್ಲಪ್ಪ. ಮರೆತಿರೋದೂ ಮರೆತುಹೋಗುತ್ತಾ?"

ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನುಂಗಿ, ಅಪ್ಪಂದಿರು ಹೇಳುವ ಅತ್ಯಂತ ಹಳೆಯ ಮಾತನ್ನು ಹೇಳಿದೆ: "ಬೆಳಿಗ್ಗೆ ಬೇಗ ಎದ್ದು ಓದಮ್ಮ, ತಲೆಗೆ ಹತ್ತುತ್ತೆ." ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಶುಕ್ರವಾರ ಟೀಚರ್ ನಮ್ಮ ಮೂವರನ್ನೂ ಶಾಲೆಗೆ ಕರೆಸಿದರು. ಚಿಕ್ಕ ಕುರ್ಚಿಗಳು. ನನ್ನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಟೀಚರ್ ಸಣ್ಣ ವಯಸ್ಸಿನವರು, ಆದರೆ ಮುಖದಲ್ಲಿ ಕಾಯಿಲೆಯ ಸುದ್ದಿ ಹೇಳಲು ಬಂದ ಡಾಕ್ಟರ ಗಾಂಭೀರ್ಯ.

"ಏನೂ ಅಂದ್ಕೋಬೇಡಿ. ಮನೇಲಿ ಏನಾದ್ರೂ ತೊಂದರೆ ಇದೆಯಾ? ಸಂಜೆ ಹೊತ್ತು ಇವಳು ತುಂಬ ಚುರುಕು. ನಸುಕಲ್ಲಿ ಮಾತ್ರ ಬೇರೆ ಮಗುನೇ ಆಗ್ಬಿಡ್ತಾಳೆ. ನೋಡಿ, ನಸುಕಿನ ವರದಿ ಓದ್ತೀನಿ." ಅವರು ಪರದೆ ತಿರುಗಿಸಿ ಓದಿದರು. "ಪ್ರಶ್ನೆ ಪೂರ್ತಿ ಓದುವ ಮೊದಲೇ ಉತ್ತರಿಸುವುದು. ತಪ್ಪೆಂದು ತೋರಿಸಿದರೂ ಅದೇ ಉತ್ತರವನ್ನು ಮತ್ತೆ ಮತ್ತೆ ಕೊಡುವುದು. ಸಹಾಯ ಬೇಕೇ ಎಂದು ಕೇಳಿದಾಗಲೆಲ್ಲ ಬೇಡ ಎನ್ನುವುದು. ಹೊಗಳಿದರೆ ಮಾತ್ರ ಮುಂದುವರಿಯುವುದು."

ಹೆಂಡತಿ ನಿಧಾನವಾಗಿ ಕತ್ತು ತಿರುಗಿಸಿದಳು. ನಾನು ಗೋಡೆಯ ಮೇಲಿನ ತ್ರಿಕೋನಗಳನ್ನು ನೋಡುತ್ತಿದ್ದೆ.

"ಮೇಡಂ," ಎಂದಳು ಅವಳು, "ಇದು ನನ್ನ ಮಗಳಲ್ಲ. ಇದು ನನ್ನ ಗಂಡ."

"ಅಂದ್ರೆ?"

"ಮದುವೆಯಾದಾಗಿನಿಂದ ಇದೇ ವರದಿ. ನಾನು ಬಾಯಲ್ಲಿ ಹೇಳ್ತಿದ್ದೆ, ನಿಮ್ಮ ಟ್ಯಾಬು ಬರೆದು ಕೊಟ್ಟಿದೆ. ರೀ, ವ್ಯಾಯಾಮ ಮಾಡ್ತಿದ್ದಿದ್ದು ಇದೇನಾ?"

ಎದ್ದು ನಿಲ್ಲೋಣವೆಂದರೆ ಕುರ್ಚಿ ನನ್ನ ಜೊತೆಗೇ ಎದ್ದಿತು. ಹಾಗೇ ಅರ್ಧ ಬಗ್ಗಿ ನಿಂತು ಎಲ್ಲ ಒಪ್ಪಿಕೊಂಡೆ. ಟೀಚರಿಗೆ ಹೇಳುವುದು ಕಷ್ಟವಾಗಲಿಲ್ಲ. ಮಗಳ ಕಡೆ ತಿರುಗುವುದೇ ಕಷ್ಟವಾಯಿತು. "ನೀನು ಏನನ್ನೂ ಮರೆತಿಲ್ಲ ಪುಟ್ಟಿ. ಅದೆಲ್ಲ ನಾನು. ತಪ್ಪಾಯ್ತು ಕಣಮ್ಮ."

ಅವಳು ನನ್ನನ್ನು ನೋಡಲಿಲ್ಲ, ಟೀಚರನ್ನು ನೋಡಿದಳು. "ಹಾಗಾದ್ರೆ ನಾನು ದಡ್ಡಿ ಅಲ್ವಾ ಮಿಸ್?"

"ಖಂಡಿತ ಅಲ್ಲ. ನೀನು ಎಂಟನೇ ಮೆಟ್ಟಿಲಲ್ಲಿ ಇರಬೇಕಿತ್ತು."

ಎಂಟು! ಅವಳು ಮುಖ ಮುಚ್ಚಿಕೊಂಡು ಆಗ ಅತ್ತಳು. ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳೋ. ಅಮ್ಮ ಅವಳನ್ನು ಎದೆಗೆ ಒತ್ತಿಕೊಂಡಳು. ನಾನು ಕುರ್ಚಿಯಿಂದ ಬಿಡಿಸಿಕೊಳ್ಳುತ್ತಾ ನಿಂತಿದ್ದೆ. ನನ್ನನ್ನು ಯಾರೂ ಬೈಯಲಿಲ್ಲ, ಶಿಕ್ಷೆಗೆ ಅದೇ ಸಾಕಾಗಿತ್ತು.

ಅತ್ತು ಮುಗಿಸಿದ ಮೇಲೆ ಮಗಳು ಒಂದೇ ಷರತ್ತು ಹಾಕಿದಳು: ಅಪ್ಪನಿಗೆ ಅಪ್ಪನದೇ ಖಾತೆ ಬೇಕು. ಟೀಚರ್ ನಗು ತಡೆದುಕೊಂಡು ಮಾಡಿಕೊಟ್ಟರು. ಈಗ ಸಂಜೆ ಮೇಜಿನ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ಫೋನು ಹಿಡಿದು ನಾನು. ಅವಳು ಹತ್ತುತ್ತಿದ್ದಾಳೆ. ನಾನು ಪ್ರಾಮಾಣಿಕವಾಗಿ ಕೇಕು ಕತ್ತರಿಸುತ್ತಿದ್ದೇನೆ.

ಮೊನ್ನೆ ನನ್ನ ಪರದೆಯ ಮೇಲೆ ಕೆಂಪಕ್ಷರದಲ್ಲಿ ಏನೋ ಬಂತು. ಕನ್ನಡಕ ಹುಡುಕುವಷ್ಟರಲ್ಲಿ ಮಗಳು ಬಗ್ಗಿ ಓದಿದಳು: "ಈ ವಿದ್ಯಾರ್ಥಿಯ ವಿಚಾರವಾಗಿ ಮನೆಯ ಹಿರಿಯರ ಜೊತೆ ತುರ್ತಾಗಿ ಮಾತನಾಡಬೇಕಾಗಿದೆ."

ಅವಳು ತನ್ನ ಟ್ಯಾಬ್ ಮುಚ್ಚಿ, ಬಹಳ ಗಂಭೀರವಾಗಿ ಅಡುಗೆಮನೆಯ ಕಡೆ ತಿರುಗಿದಳು.

"ಅಮ್ಮಾ, ನೀನು ಹೋಗ್ತೀಯೋ, ನಾನೇ ಹೋಗಿ ಬರ್ಲೋ?"